ಕಟ್ಟುಹಾವಿನ ಗೆರೆ

ಕೋಳಿಮೊಟ್ಟೆಯ ಹಳದಿಯಿಂದ ಹಾವಿನ ವಿಷ ಪತ್ತೆ ಮಾಡುವ ಕೆಲಸ ತನ್ನದು ಎಂದು ಶ್ಯಾಮಲಾ ಮೊದಲ ಸಲ ಹೇಳಿದಾಗ, ಮಗಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು ತಾಯಿ ಅಂಜನಮ್ಮ.

“ಮೊಟ್ಟೆ ಇರೋದು ತಿನ್ನಾಕೆ ಕಣೆ. ಅದ್ರೊಳ್ಗೆ ಆವು ಎಲ್ಲಿಂದ ಬಂತು?”

“ಹಾವಲ್ಲಮ್ಮ. ಹಾವಿನ ವಿಷದ ಗುರುತು ಹಿಡಿಯೋ ಆಂಟಿಬಾಡಿ. ಕೋಳಿಗೆ ಚೂರೇ ಚೂರು ವಿಷ ಚುಚ್ತಾರೆ. ಅದರ ಮೈ ಆ ವಿಷಕ್ಕೆ ತಕ್ಕ ಆಂಟಿಬಾಡಿ ಮಾಡ್ಕೊಳ್ಳುತ್ತೆ. ಮೊಟ್ಟೆ ಇಡೋವಾಗ ಮರಿಗೂ ಇರ್ಲಿ ಅಂತ ಹಳದೀಲಿ ಒಂದಿಷ್ಟು ತುಂಬಿ ಕಳ್ಸುತ್ತೆ. ನಾವು ಅದನ್ನ ತೆಗೀತೀವಿ.”

“ಆ ಕೋಳಿಗೆ ಏನೂ ಆಗಕಿಲ್ವಾ?”

“ಏನೂ ಆಗಲ್ಲ. ನಿನ್ನ ಕೋಳಿಗಿಂತ ಚೆನ್ನಾಗಿ ಮೇಯ್ತವೆ.”

ಅಂಜನಮ್ಮನಿಗೆ ಈ ಮಾತು ಹಿಡಿಸಲಿಲ್ಲ. ಅತ್ತಿಬೆಲೆಯ ಪಕ್ಕದ ಹಳ್ಳಿಯಲ್ಲಿ ಅವರದು ತಲೆಮಾರುಗಳ ಮನೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಮನೆಗಳೆದ್ದು, ಫ್ಯಾಕ್ಟರಿ ಕೆಲಸಕ್ಕೆ ಬಂದವರು ಬಾಡಿಗೆಗಿದ್ದರು. ಹೊಲ ಹೋದರೂ ಅಂಜನಮ್ಮ ಕೋಳಿ ಸಾಕುವುದನ್ನು ಬಿಟ್ಟಿರಲಿಲ್ಲ. ಬಾಡಿಗೆಯವರ ಬಟ್ಟೆ ಒಣಹಾಕುವ ತಂತಿಯ ಕೆಳಗೇ ಅವು ಕೆದರಿಕೊಂಡು ಓಡಾಡುತ್ತಿದ್ದವು. ತನ್ನ ಕೋಳಿಗಳನ್ನು ಯಾರೂ ಹೀಗಳೆಯಬಾರದು, ಮಗಳು ಕೂಡ.

ಶ್ಯಾಮಲಾ ಕೆಲಸ ಮಾಡುತ್ತಿದ್ದದ್ದು ಬೊಮ್ಮಸಂದ್ರದ ಒಂದು ಸಣ್ಣ ಕಂಪನಿಯಲ್ಲಿ. ಕೆಳಗೆ ರಟ್ಟಿನ ಡಬ್ಬ ಮಾಡುವ ಕಾರ್ಖಾನೆ, ಮೇಲೆ ಇವರ ಲ್ಯಾಬು. ಅದಕ್ಕೂ ಮೊದಲು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಆಂಟಿಬಾಡಿ ಶುದ್ಧ ಮಾಡುವ ಕೆಲಸದಲ್ಲಿದ್ದವಳು. ಅಲ್ಲಿ ಎಲ್ಲವೂ ಯಂತ್ರದ ಪಾಲು. ಗುಂಡಿ ಒತ್ತಿ ಪರದೆ ನೋಡುವುದಷ್ಟೇ ಇವಳ ಪಾಲು. ಈ ಸಣ್ಣ ಕಂಪನಿಯ ಯಜಮಾನ ಭಾನುಪ್ರಕಾಶ್ ಕರೆದಾಗ ಸಂಬಳ ಕಡಿಮೆಯಾದರೂ ಬಂದಳು. “ಇಲ್ಲಿ ಕೈಯಾರೆ ಮಾಡ್ಬೇಕು ಮೇಡಂ, ಮೆಷಿನ್ ತರೋವರ್ಗೂ,” ಎಂದು ಆತ ಸಂಕೋಚದಿಂದ ಹೇಳಿದ್ದ. ಅವಳಿಗೆ ಬೇಕಾಗಿದ್ದದ್ದೂ ಅದೇ.

ಹಾವಿನ ಕೆಲಸ ಬಂದದ್ದು ಡಾಕ್ಟರ್ ಶಿವಶಂಕರ್ ಮೂಲಕ. ರಾಜ್ಯದ ಗಡಿಯ ಈಚೆ ಆಚೆ ಎರಡೂ ಕಡೆಯ ಜನ ಬರುವ ಆಸ್ಪತ್ರೆಯೊಂದರಲ್ಲಿ ಅವರು ತುರ್ತು ಚಿಕಿತ್ಸೆ ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ, ಆಡಿದರೆ ನೇರ.

“ಹಾವು ಕಚ್ಚಿ ಬಂದೋರಲ್ಲಿ ಎಲ್ಲಕ್ಕಿಂತ ಮೋಸ ಮಾಡೋದು ಕಟ್ಟುಹಾವು,” ಎಂದು ಅವರು ಮೊದಲ ದಿನವೇ ಹೇಳಿದರು. “ನೆಲದ ಮೇಲೆ ಮಲಗಿದ್ದೋರಿಗೆ ನಿದ್ದೇಲಿ ಕಚ್ಚಿ ಹೋಗುತ್ತೆ. ನೋವಿಲ್ಲ, ಊತ ಇಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಇರಲ್ಲ. ಬೆಳಿಗ್ಗೆ ಎದ್ದು ಹೊಟ್ಟೆನೋವು ಅಂತಾರೆ. ಗ್ಯಾಸು ಅಂತ ಮಾತ್ರೆ ಕೊಟ್ಟು ಕಳಿಸಿದ್ರೆ ಮುಗೀತು, ಉಸಿರೇ ನಿಂತೋಗುತ್ತೆ. ಇನ್ನು ನಾಗರಹಾವಿಗೆ ಅಂತ ಕೊಡೋ ಒಂದು ಇಂಜೆಕ್ಷನ್ ಕಟ್ಟುಹಾವಿಗೆ ಅಷ್ಟಾಗಿ ಕೆಲಸ ಮಾಡಲ್ಲ. ವೆಂಟಿಲೇಟರ್ ಮೊದಲೇ ರೆಡಿ ಇರ್ಬೇಕು. ಒಂದು ತೊಟ್ಟು ರಕ್ತ ಹಾಕಿದ್ರೆ ಯಾವ ಹಾವು ಅಂತ ಹೇಳೋ ಪಟ್ಟಿ ಮಾಡ್ಕೊಡಿ ನಂಗೆ.”

ಬಸಿರಿನ ಪರೀಕ್ಷೆಯ ಪಟ್ಟಿಯಂಥದೇ ಒಂದು ಪಟ್ಟಿ. ಎರಡು ಕಿಟಕಿ: ಒಂದರಲ್ಲಿ ಗೆರೆ ಮೂಡಿದರೆ ನಾಗರಹಾವು, ಇನ್ನೊಂದರಲ್ಲಿ ಮೂಡಿದರೆ ಕಟ್ಟುಹಾವು. ಪಟ್ಟಿ ಮಾಡುವುದು ದೊಡ್ಡ ವಿದ್ಯೆಯಲ್ಲ. ಅದರ ಮೇಲೆ ಕೂರಿಸುವ ಆಂಟಿಬಾಡಿ ಶುದ್ಧವಾಗಿರಬೇಕು, ಅದರಲ್ಲಿತ್ತು ಕಷ್ಟ.

ಮಾರುಕಟ್ಟೆಯಲ್ಲಿ ಸಿಗುವ ಆಂಟಿಬಾಡಿ ಹಿಡಿಯುವ ಬೀಡ್ಸುಗಳನ್ನು ಭಾನುಪ್ರಕಾಶ್ ಮೊದಲೇ ತರಿಸಿಟ್ಟಿದ್ದ. ಬೀಡ್ಸು ಅಂದರೆ ಕಣ್ಣಿಗೆ ಕಾಣುವ ಮಣಿಗಳಲ್ಲ. ಬಾಟಲಿಯ ತಳದಲ್ಲಿ ಕೂತಾಗ ನೆನೆಸಿದ ಅಕ್ಕಿಹಿಟ್ಟು, ಅಲ್ಲಾಡಿಸಿದರೆ ತೆಳು ಗಂಜಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಒಂದೊಂದೂ ದುಂಡಗೆ ತಿಳಿಯಾಗಿ ಕಾಣುತ್ತದೆ. ಪ್ರತಿ ಮಣಿಯ ಮೈಮೇಲೂ ಆಂಟಿಬಾಡಿಯನ್ನು ಹಿಡಿಯುವ ಒಂದು ಪ್ರೋಟೀನು ಅಂಟಿಕೊಂಡಿರುತ್ತದೆ. ಮಣಿ ತುಂಬಿದ ಗಾಜಿನ ಕೊಳವೆಯೊಳಗೆ ದ್ರಾವಣ ಹರಿಸಿದರೆ ಬೇಕಾದದ್ದು ಮಣಿಗೆ ಕಚ್ಚಿಕೊಂಡು ಉಳಿದದ್ದು ತೊಳೆದುಹೋಗುತ್ತದೆ. ಆಮೇಲೆ ಸ್ವಲ್ಪ ಆಮ್ಲ ಹರಿಸಿದರೆ ಹಿಡಿತ ಸಡಿಲವಾಗಿ ಶುದ್ಧ ಆಂಟಿಬಾಡಿ ಕೆಳಗಿಳಿಯುತ್ತದೆ.

ಆದರೆ ಆ ಬೀಡ್ಸುಗಳು ಕೋಳಿಯ ಆಂಟಿಬಾಡಿಯನ್ನು ಮುಟ್ಟಲೇ ಇಲ್ಲ. ಅವು ಹಿಡಿಯುವುದು ಮೊಲದ್ದು, ಮನುಷ್ಯರದ್ದು. ಇದು ಶ್ಯಾಮಲಾಗೆ ಮೊದಲೇ ಗೊತ್ತಿತ್ತು.

“ಇವು ಬೇಡ ಸಾರ್,” ಅಂದಳು. “ಬರೀ ಮಣಿ ತರಿಸಿ. ಅದರ ಮೇಲೆ ಕಟ್ಟುಹಾವಿನ ವಿಷಾನೇ ಕೂರಿಸ್ತೀನಿ. ಆ ವಿಷದ ಗುರುತು ಇರೋ ಆಂಟಿಬಾಡಿ ಮಾತ್ರ ಬಂದು ಹಿಡ್ಕೊಳ್ಳುತ್ತೆ.”

ಭಾನುಪ್ರಕಾಶ್ ಹುಬ್ಬು ಗಂಟಿಕ್ಕಿದ. ವಿಷ ಬರುವುದು ಪರವಾನಗಿ ಇರುವ ಕೇಂದ್ರದಿಂದ, ಅದೂ ಚೂರು, ಅದೂ ಕಾದು ಕಾದು. “ಮಣಿ ಮೇಲೆ ಕೂರಿಸಿದ ವಿಷ ವಾಪಸ್ ಬರಲ್ಲ. ಫೇಲ್ ಆದ್ರೆ?”

“ಆದ್ರೆ ಆಗುತ್ತೆ. ಮಾಡ್ದೆ ಇದ್ರೆ ಫೇಲೇ ಅಲ್ವಾ?”

ಅವನು ಒಪ್ಪಿದ. ಶ್ಯಾಮಲಾ ಮಣಿಗಳ ಮೇಲೆ ವಿಷ ಕೂರಿಸಿದಳು. ಅವು ನಿಧಾನವಾಗಿ ತಿರುಗುತ್ತಾ ವಿಷ ಹೀರಿಕೊಳ್ಳುವಾಗ ಮಗುವನ್ನು ಮಲಗಿಸಿ ಬಂದವಳ ಹಾಗೆ ಆಗಾಗ ಹೋಗಿ ನೋಡಿದಳು. ಲ್ಯಾಬಿನಲ್ಲಿ ಅವಳ ಜೊತೆಗಿದ್ದವಳು ವೇಣಿ. ದಾಸರಹಳ್ಳಿಯ ಹುಡುಗಿ, ಅಪ್ಪ ಪೀಣ್ಯದಲ್ಲಿ ಲೇತ್ ನಡೆಸುತ್ತಿದ್ದರು. ಊರಿನ ಆ ತುದಿಯಿಂದ ಈ ತುದಿಗೆ ಮೆಟ್ರೋ, ಬಸ್ಸು ಬದಲಿಸಿಕೊಂಡು ಬಂದರೂ ತಡವಾಗಿ ಬಂದವಳಲ್ಲ. ಇಬ್ಬರೂ ಸೇರಿ ಮೊಟ್ಟೆ ಒಡೆದು, ಬಿಳಿ ಬೇರೆ ಮಾಡಿ, ಹಳದಿಯ ಜಿಡ್ಡು ತೆಗೆದು, ತಿಳಿಯನ್ನು ಮಣಿಗಳ ಮೇಲೆ ಹರಿಸಿದರು. ಆಂಟಿಬಾಡಿ ಸೊಂಪಾಗಿ ಇಳಿಯಿತು. ಪಟ್ಟಿಯ ಮೇಲೆ ಹಾಕಿ ಕಟ್ಟುಹಾವಿನ ವಿಷ ಬಿಟ್ಟಾಗ ಕಡುಗೆಂಪು ಗೆರೆ ಮೂಡಿತು. ವೇಣಿ ಕುಣಿದೇಬಿಟ್ಟಳು.

ಶ್ಯಾಮಲಾ ಕುಣಿಯಲಿಲ್ಲ. ಇನ್ನೊಂದು ಪಟ್ಟಿ ತೆಗೆದುಕೊಂಡು ನಾಗರಹಾವಿನ ವಿಷ ಬಿಟ್ಟಳು. ಕಟ್ಟುಹಾವಿನ ಕಿಟಕಿಯಲ್ಲಿ ಮತ್ತೆ ಗೆರೆ ಮೂಡಿತು. ಸ್ವಲ್ಪ ತೆಳು, ಆದರೆ ಗೆರೆಯೇ.

ಆ ವಾರ ನೋಡಲು ಬಂದ ಶಿವಶಂಕರ್ ಎರಡು ಪಟ್ಟಿಯನ್ನೂ ಬೆಳಕಿಗೆ ಹಿಡಿದರು. “ಪಟ್ಟಿ ಇಲ್ದಿದ್ರೆ ನಾನು ಯೋಚನೆ ಮಾಡಿ ಔಷಧಿ ಕೊಡ್ತೀನಿ. ಸುಳ್ಳು ಹೇಳೋ ಪಟ್ಟಿ ಇದ್ರೆ ಯೋಚನೆ ಮಾಡೋದನ್ನೇ ಬಿಟ್ಬಿಡ್ತೀನಿ. ಇದು ಬೇಡ ಮೇಡಂ,” ಎಂದು ಮೇಜಿನ ಮೇಲಿಟ್ಟು ಹೋದರು.

ಶ್ಯಾಮಲಾಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೆ ಮಾತು ನಿಜ. ವಿದೇಶದಿಂದ ಸಿದ್ಧ ಆಂಟಿಬಾಡಿ ಕೊಂಡುಬಿಡೋಣ ಎಂದ ಭಾನುಪ್ರಕಾಶ್. ಹಾಗೆ ಕೊಂಡರೆ ಪಟ್ಟಿಯ ಬೆಲೆ ಹಳ್ಳಿಯ ಆಸ್ಪತ್ರೆಗೆ ನಿಲುಕದಷ್ಟಾಗುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿದ್ದದ್ದೇ. ಜೊತೆಗೆ ಆ ಆಂಟಿಬಾಡಿ ಇಲ್ಲಿನ ಹಾವಿನ ವಿಷವನ್ನು ಗುರುತಿಸುವುದೇ ಎಂಬುದೂ ಅನುಮಾನ.

ಅವಳು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಳ ತೆಗೆಯದೆ ಕೂತಿದ್ದಳು. ಮಣಿಗಳು ತಪ್ಪು ಮಾಡಿರಲಿಲ್ಲ. ಕಟ್ಟುಹಾವಿನ ವಿಷ ಬಲ್ಲ ಆಂಟಿಬಾಡಿಗಳನ್ನೇ ಹಿಡಿದಿದ್ದವು. ಆದರೆ ನಾಗರಹಾವು, ಕಟ್ಟುಹಾವು ಎರಡೂ ದಾಯಾದಿಗಳು. ಎರಡರ ವಿಷಕ್ಕೂ ಅಲ್ಲಲ್ಲಿ ಒಂದೇ ಮುಖ. ಆ ಮುಖ ನೋಡಿ ಹಿಡಿಯುವ ಆಂಟಿಬಾಡಿಗೆ ಇದು ಯಾರ ಮನೆಯದು ಎಂಬ ಭೇದ ತಿಳಿಯುವುದಿಲ್ಲ. ಬೇಕಾದವರನ್ನು ಕರೆದುಕೊಂಡರೆ ಸಾಲದು, ಇಬ್ಬರಿಗೂ ಬೇಕಾದವರನ್ನು ಮೊದಲು ಹೊರಗಿಡಬೇಕು.

ಊಟ ಬಿಟ್ಟು ಎದ್ದು ಭಾನುಪ್ರಕಾಶನ ಬಾಗಿಲಿಗೆ ಹೋದಳು.

“ನಾಗರಹಾವಿನ ವಿಷಾನೂ ಮಣಿ ಮೇಲೆ ಕೂರಿಸ್ತೀನಿ ಸಾರ್. ಮೊಟ್ಟೆಯ ತಿಳಿ ಮೊದ್ಲು ಅದ್ರ ಮೇಲೆ ಹರೀಲಿ. ಅಲ್ಲಿ ಕಚ್ಕೊಂಡಿದ್ದೆಲ್ಲ ನಮಗೆ ಬೇಡ. ಹಿಡೀದೆ ಹರಿದು ಬರುತ್ತಲ್ಲ, ಅದನ್ನ ಮಾತ್ರ ಕಟ್ಟುಹಾವಿನ ಮಣಿಗೆ ಬಿಡ್ತೀನಿ.”

“ಹೊರಗೆ ಹರಿದು ಬರೋದ್ರಲ್ಲಿ ಏನು ಉಳಿದಿರುತ್ತೆ?”

“ಕಮ್ಮಿ ಇರುತ್ತೆ. ಆದ್ರೆ ಉಳಿದಿದ್ದು ಪಕ್ಕಾ ನಮ್ದು.”

ಅವನು ವಿಷದ ಲೆಕ್ಕದ ಪುಸ್ತಕ ತೆರೆದು ನೋಡಿದ. “ಪರೀಕ್ಷೆಗೆ ಬೇಕಾದ ಚೂರು ಬಿಟ್ರೆ ಈ ಸಲ ವಿಷ ಪೂರ್ತಿ ಖಾಲಿ ಆಗುತ್ತೆ ಮೇಡಂ.”

“ಗೊತ್ತು ಸಾರ್.”

“ಮಾಡಿ.” ಪುಸ್ತಕ ಮುಚ್ಚಿ ಮತ್ತೆ ಹೇಳಿದ: “ನೀವು ಇಷ್ಟು ಗಟ್ಟಿಯಾಗಿ ಹೇಳ್ದಾಗ ಬೇಡ ಅನ್ನೋಕೆ ನನ್ ಹತ್ರ ಏನೂ ಇಲ್ಲ.”

ಹೊಸ ಮಣಿ ಸಿದ್ಧವಾಯಿತು. ಮೊಟ್ಟೆಯ ತಿಳಿ ನಾಗರಹಾವಿನ ಮಣಿಗಳ ಮೇಲೆ ಹರಿಯಿತು. ಅಳತೆ ನೋಡಿದ ವೇಣಿಯ ಮುಖ ಬಾಡಿತು.

“ಮೇಡಂ, ಮುಕ್ಕಾಲು ಪಾಲು ಅಲ್ಲೇ ಕಚ್ಕೊಂಡು ಹೋಯ್ತು. ಏನೂ ಉಳ್ದಿಲ್ಲ.”

“ಕಾಲು ಪಾಲು ಉಳ್ದಿದೆ ಅಲ್ವೇನೇ? ತಾ ಇಲ್ಲಿ.”

ಆ ಕಾಲು ಪಾಲು ಕಟ್ಟುಹಾವಿನ ಮಣಿಗಳ ಮೇಲೆ ಹರಿಯಿತು. ಈಗ ಆಮ್ಲ ಬಿಟ್ಟು ಬಿಡಿಸುವ ಹಂತ. ಎಲ್ಲಕ್ಕಿಂತ ನಾಜೂಕಿನದು ಇದೇ. ಆಂಟಿಬಾಡಿ ಆಮ್ಲದಲ್ಲಿ ಹೆಚ್ಚು ಹೊತ್ತು ಕೂತರೆ ಸತ್ತಂತೆ. ನೋಡಲು ಹಾಗೇ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಶ್ಯಾಮಲಾ ತೊಟ್ಟು ಬೀಳುವ ಟ್ಯೂಬುಗಳಲ್ಲಿ ಆಮ್ಲವನ್ನು ತಣಿಸುವ ದ್ರಾವಣವನ್ನು ಮೊದಲೇ ಹಾಕಿಟ್ಟಿದ್ದಳು.

ಸಣ್ಣ ಪಂಪು ತಳ್ಳುತ್ತಿದ್ದ ಆಮ್ಲ ಕೊಳವೆಯ ಅರ್ಧಕ್ಕೆ ಬಂದಿತ್ತು. ಕರೆಂಟು ಹೋಯಿತು.

ಪಂಪು ನಿಂತಿತು. ಕೆಳಗಿನ ಕಾರ್ಖಾನೆಯ ಸದ್ದೂ ನಿಂತು ಇಡೀ ಕಟ್ಟಡ ಥಟ್ಟನೆ ಮೌನವಾಯಿತು. ಜನರೇಟರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮಣಿಗಳ ನಡುವೆ ಆಮ್ಲ ನಿಂತಿತ್ತು. ಅದರಲ್ಲಿ ಅವಳ ಅಷ್ಟೂ ದಿನದ ದುಡಿಮೆ.

“ಮೇಡಂ!” ವೇಣಿ ಕೂಗಿದಳು.

ಶ್ಯಾಮಲಾ ಆಗಲೇ ಕೊಳವೆಗೆ ಕೈ ಹಾಕಿದ್ದಳು. ಪಂಪಿನ ಪೈಪನ್ನು ಕಿತ್ತು ಕೊಳವೆಯ ಬಾಯಿ ತೆರೆದಳು. ಕೊಳವೆ ನಿಲ್ಲಿಸಿದ್ದ ಸ್ಟ್ಯಾಂಡನ್ನು ಎತ್ತಿ ಮೇಜಿನ ಮೇಲಿನ ಕಪಾಟಿನ ಅಂಚಿಗೆ ಇಟ್ಟಳು. ಉದ್ದದ ಪೈಪು ಸಿಕ್ಕಿಸಿ ಆಮ್ಲದ ಬಾಟಲಿಯನ್ನು ಎಡಗೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದಳು. “ಪಂಪಿಲ್ದಿದ್ರೆ ತಾನೇ ಇಳಿಯುತ್ತೆ. ನೀನು ಟ್ಯೂಬು ಬದಲಾಯಿಸ್ತಾ ಹೋಗು. ಒಂದು ತುಂಬಿದ್ ತಕ್ಷಣ ಇನ್ನೊಂದು. ಅಲ್ಲಾಡಿಸಿ ಇಡು.”

ಒಂದು ತೊಟ್ಟು ಬಿತ್ತು. ಸ್ವಲ್ಪ ತಡೆದು ಇನ್ನೊಂದು. ಕೈ ಮೇಲೆತ್ತಿದಷ್ಟೂ ತೊಟ್ಟು ಚುರುಕಾಯಿತು. ಭುಜ ಉರಿಯತೊಡಗಿತು. ಅಷ್ಟರಲ್ಲಿ ಬಾಗಿಲಲ್ಲಿ ಬಂದು ನಿಂತ ಭಾನುಪ್ರಕಾಶ್ ಒಳಗೆ ಬಂದು ಬಾಟಲಿಗೆ ತನ್ನ ಕೈಯನ್ನೂ ಕೊಟ್ಟ. ಕಂಪನಿಯ ಯಜಮಾನ ಮತ್ತು ಶ್ಯಾಮಲಾ, ಇಬ್ಬರೂ ಕೈ ಮೇಲೆತ್ತಿಕೊಂಡು, ಕೊನೆಯ ಟ್ಯೂಬು ತುಂಬುವವರೆಗೆ ನಿಂತರು. ಕರೆಂಟು ಬಂದಾಗ ಅವರ ಕೆಲಸ ಮುಗಿದಿತ್ತು.

ಆಂಟಿಬಾಡಿ ಬದುಕಿತ್ತು. ನಾಗರಹಾವಿನ ಕಿಟಕಿಗೆ ಬೇಕಾದದ್ದನ್ನು, ನಾಗರಹಾವಿನ ವಿಷ ಚುಚ್ಚಿದ ಕೋಳಿಗಳ ಮೊಟ್ಟೆಯಿಂದ, ಇದೇ ದಾರಿಯನ್ನು ತಿರುವುಮುರುವು ಮಾಡಿ ತೆಗೆದರು. ಶ್ಯಾಮಲಾ ಎರಡನ್ನೂ ಯಾರಿಗೂ ಹೇಳದೆ ಒಮ್ಮೆ ಪರೀಕ್ಷಿಸಿ, ವೇಣಿಯ ಕೈಯಿಂದ ಇನ್ನೊಮ್ಮೆ ಮಾಡಿಸಿ, ಆಮೇಲೆ ಶಿವಶಂಕರ್ ಅವರಿಗೆ ಫೋನು ಮಾಡಿದಳು.

ಅವರು ತಮ್ಮದೇ ಟ್ಯೂಬುಗಳ ಪೆಟ್ಟಿಗೆ ಹಿಡಿದುಕೊಂಡು ಬಂದರು. ಯಾವುದರಲ್ಲಿ ಯಾವ ವಿಷವಿದೆ ಎನ್ನುವುದು ಅವರಿಗೊಬ್ಬರಿಗೇ ಗೊತ್ತು. ಕೆಲವು ಟ್ಯೂಬುಗಳಲ್ಲಿ ಬರೀ ರಕ್ತ. ಕುರ್ಚಿ ಎಳೆದುಕೊಂಡು ಕೂತು ಕೈ ಕಟ್ಟಿದರು. ಶ್ಯಾಮಲಾ ಒಂದೊಂದೇ ತೊಟ್ಟು ಹಾಕುತ್ತಾ ಪಟ್ಟಿಗಳನ್ನು ಸಾಲಾಗಿ ಇಟ್ಟಳು. ಗೆರೆಗಳು ಮೂಡತೊಡಗಿದವು. ಕೆಲವು ಎಡಗಿಟಕಿಯಲ್ಲಿ, ಕೆಲವು ಬಲಗಿಟಕಿಯಲ್ಲಿ. ಎರಡರಲ್ಲೂ ಮೂಡಿದ್ದು ಒಂದೂ ಇಲ್ಲ. ಮೂರು ಪಟ್ಟಿಗಳು ಬಿಳಿಯಾಗಿಯೇ ಉಳಿದವು.

ಶಿವಶಂಕರ್ ಜೇಬಿನಿಂದ ಚೀಟಿ ತೆಗೆದು ಹೋಲಿಸಿ ನೋಡಿದರು. ಎದ್ದು, ಟ್ಯೂಬುಗಳನ್ನು ಅದಲುಬದಲು ಮಾಡಿ, “ಇನ್ನೊಂದ್ಸಲ,” ಎಂದರು. ಇನ್ನೊಂದು ಸಲವೂ ಹಾಗೆಯೇ ಆಯಿತು.

ಆಗ ಅವರ ಮುಖದಲ್ಲಿ ನಗು ಕಂಡಿತು. ಅದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. “ಈ ಬೀಡ್ಸು ಯಾವ ದೇಶದಿಂದ ತರಿಸಿದ್ರಿ?”

ಶ್ಯಾಮಲಾ ಬಾಯಿ ತೆರೆಯುವ ಮೊದಲೇ ಭಾನುಪ್ರಕಾಶ್ ಹೇಳಿದ: “ಯಾವ ದೇಶದಿಂದ್ಲೂ ಅಲ್ಲ ಸಾರ್. ವಿಷ ಕೂರಿಸಿದ್ದು ಇವ್ರು, ಯಾವುದು ಮೊದ್ಲು ಹರೀಬೇಕು ಅಂತ ಕಂಡ್ಕೊಂಡಿದ್ದು ಇವ್ರು. ನಾನು ಬೇರೆ ಕಡೆಯಿಂದ ಕೊಂಡ್ಬಿಡೋಣ ಅಂದಿದ್ದೆ.”

ಶಿವಶಂಕರ್ ಎದ್ದು ನಿಂತು ಶ್ಯಾಮಲಾಗೆ ಕೈ ಮುಗಿದರು. ಅವಳೂ ಗಡಿಬಿಡಿಯಲ್ಲಿ ಕೈ ಮುಗಿದಳು. ವೇಣಿ ಹಿಂದೆ ನಿಂತು, “ಸಕ್ಕತ್ ಮೇಡಂ,” ಎಂದು ಪಿಸುಗುಟ್ಟಿದಳು.

ಅನುಮತಿಗಳೆಲ್ಲ ಸಿಕ್ಕಿ ಆಸ್ಪತ್ರೆಯಲ್ಲಿ ಪರೀಕ್ಷೆ ಶುರುವಾಗುವ ಹೊತ್ತಿಗೆ ಮಳೆಗಾಲ ಬಂದಿತ್ತು. ಹಾವುಗಳು ಹೊರಗೆ ಬರುವ ಕಾಲ. ಒಂದು ಬೆಳಿಗ್ಗೆ ಶ್ಯಾಮಲಾ ಬಸ್ಸಿಗೆ ಕಾಯುತ್ತಿದ್ದಾಗ ಶಿವಶಂಕರ್ ಅವರ ಫೋನು ಬಂತು.

“ಗುಲಾಬಿ ತೋಟದಲ್ಲಿ ಕೆಲಸ ಮಾಡೋ ಹೆಂಗಸು, ವಸಂತಮ್ಮ ಅಂತ. ಹೊಟ್ಟೆನೋವು ಅಂತ ಬಂದ್ರು. ಮೈಮೇಲೆ ಒಂದು ಗುರುತಿಲ್ಲ. ರೆಪ್ಪೆ ಸ್ವಲ್ಪ ಭಾರ ಅನ್ನಿಸ್ತು ನಂಗೆ. ಪಟ್ಟಿ ಹಾಕ್ದೆ, ಕಟ್ಟುಹಾವು ಅಂತು. ಔಷಧಿ ಶುರು ಮಾಡಿ ವೆಂಟಿಲೇಟರ್ ಪಕ್ಕದಲ್ಲೇ ಮಲಗಿಸ್ದೆ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು ನೋಡಿ. ಆಗ ನಾವು ರೆಡಿ ಇದ್ವಿ.”

“ಈಗ ಹೇಗಿದಾರೆ ಸಾರ್?”

“ಮೆಷಿನ್ ಮೇಲಿದಾರೆ. ಕಾಯ್ಬೇಕು.”

ಆಮೇಲಿನ ದಿನಗಳಲ್ಲಿ ಶ್ಯಾಮಲಾ ಲ್ಯಾಬಿಗೆ ಹೋದಳು, ಮೊಟ್ಟೆ ಒಡೆದಳು, ಮಣಿ ತೊಳೆದಳು. ಫೋನು ಸದ್ದು ಮಾಡಿದಾಗಲೆಲ್ಲ ಕೈಗವಸು ಕಿತ್ತು ಓಡುತ್ತಿದ್ದಳು. ಮನೆಯಲ್ಲಿ ಮಗಳು ತುತ್ತು ಹಿಡಿದು ಕೂತೇಬಿಡುವುದನ್ನು ಕಂಡು ಅಂಜನಮ್ಮ ಏನೆಂದು ಕೇಳಿ ತಿಳಿದುಕೊಂಡಳು. ದಿನಾ ಸಂಜೆ ಬಾಗಿಲಲ್ಲೇ ನಿಂತು, “ಆಯಮ್ಮ ಎಂಗವ್ಳೆ?” ಎಂದು ಕೇಳತೊಡಗಿದಳು. ಒಂದು ಸಂಜೆ ಶ್ಯಾಮಲಾ ಚಪ್ಪಲಿ ಬಿಡುವ ಮೊದಲೇ ಹೇಳಿದಳು: “ತಾವೇ ಉಸಿರಾಡ್ತಾ ಇದಾರಂತಮ್ಮ.”

“ನಾಳಿಕ್ ಓಗಿ ನೋಡ್ಕೊಂಡ್ ಬರಾನ,” ಎಂದಳು ಅಂಜನಮ್ಮ. ಮಾರನೆಯ ದಿನ ಒಳ್ಳೆಯ ಸೀರೆ ಉಟ್ಟು, ತನ್ನ ನಾಟಿಕೋಳಿಯ ಮೊಟ್ಟೆಗಳನ್ನು ಬೇಯಿಸಿ ಡಬ್ಬಿಗೆ ತುಂಬಿಕೊಂಡೇ ಹೊರಟಳು.

ವಾರ್ಡಿನಲ್ಲಿ ವಸಂತಮ್ಮ ದಿಂಬಿಗೆ ಒರಗಿ ಕೂತಿದ್ದರು. ಸೊರಗಿದ ಮುಖ, ಗಂಟಲಲ್ಲಿ ಇನ್ನೂ ಪೂರ್ತಿ ಬಾರದ ದನಿ. ಪಕ್ಕದಲ್ಲಿ ಅವರ ಗಂಡ ಗದಿಗೆಪ್ಪ. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ದಂಪತಿ. ತೋಟದ ಶೆಡ್ಡಿನಲ್ಲಿ ವಾಸ. ಶ್ಯಾಮಲಾ ಇಂಥ ಕಡೆಯವಳು ಎಂದು ನರ್ಸು ಹೇಳಿದಾಗ ಗದಿಗೆಪ್ಪ ದಡಬಡಿಸಿ ಎದ್ದು ನಿಂತ.

“ಡಾಕ್ಟರ ಏನ್ರಿ ಅಕ್ಕಾರ?”

“ಅಲ್ಲಣ್ಣ. ಡಾಕ್ಟ್ರು ಪಟ್ಟಿ ಹಾಕಿ ನೋಡಿದ್ರಲ್ಲ, ಆ ಪಟ್ಟಿ ಮಾಡೋ ಕಡೆಯಿಂದ ಬಂದಿದೀನಿ.”

“ಆ ಕೆಂಪು ಗೆರಿ ನಾ ನೋಡೀನ್ರಿ,” ಎಂದ ಗದಿಗೆಪ್ಪ. “ಡಾಕ್ಟರ್ ಸಾಹೇಬ್ರು ತೋರ್ಸಿದ್ರು. ಹೊಟ್ಟಿನೋವು ಅಂತ ನಾನೂ ತಿಳಕೊಂಡಿದ್ದೆ. ಗುಳಿಗಿ ಕೊಡಿಸಿ ಕರಕೊಂಡು ಹೋಗಾಂವಿದ್ದೆ.” ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ವಸಂತಮ್ಮ ಶ್ಯಾಮಲಾಳ ಕೈ ಹಿಡಿದುಕೊಂಡರು. ಬಿಗಿಯಾದ ಹಿಡಿತ. ಇದೇ ಕೈಬೆರಳು ಕೆಲವು ದಿನಗಳ ಹಿಂದೆ ಅಲ್ಲಾಡಿಸಲೂ ಬರದೆ ಬಿದ್ದಿತ್ತು ಎಂದು ನೆನೆದು ಶ್ಯಾಮಲಾ ತನ್ನ ಇನ್ನೊಂದು ಕೈಯನ್ನೂ ಅದರ ಮೇಲಿಟ್ಟಳು.

ಅಂಜನಮ್ಮ ಡಬ್ಬಿ ತೆಗೆದು ಮೊಟ್ಟೆ ಸುಲಿಯತೊಡಗಿದಳು. ಎದುರು ಹಾಸಿಗೆಯ ಮುದುಕಿಗೆ ಕುತೂಹಲ ತಡೆಯಲಿಲ್ಲ. “ಯಾರವ್ವಾ ಇವ್ರು? ನೆಂಟ್ರಾ?” ಎಂದು ಕೂಗಿ ಕೇಳಿದಳು.

“ನೆಂಟ್ರಲ್ಲ ಕಣವ್ವ,” ಎಂದಳು ಅಂಜನಮ್ಮ, ಇಡೀ ವಾರ್ಡಿಗೆ ಕೇಳುವ ಹಾಗೆ. “ಇವ್ಳು ನನ್ ಮಗ್ಳು. ಆವು ಕಚ್ಚಿದ್ರೆ ಯಾವ್ ಆವು ಅಂತ ಯೋಳೋ ಪಟ್ಟಿ ಐತಲ್ಲ, ಅದ್ನ ಮಾಡ್ದೋಳು ಇವ್ಳೇಯ. ಕೋಳಿಮೊಟ್ಟೆಯಾಗಿಂದ ತೆಗೀತಾಳೆ. ಅದೇನೋ ಮಣಿ ಅಂತೆ, ಅದ್ರ ಮ್ಯಾಲೆ ವಿಸ ಕುಂಡ್ರಿಸಿ, ಬ್ಯಾಡದ್ದೆಲ್ಲ ತೊಳ್ದು, ಬೇಕಾದ್ದು ಒಂದೇ ಇಡ್ಕೊಳ್ತಾಳೆ. ಕರೆಂಟ್ ಓದ್ರೂ ಬಿಡ್ಲಿಲ್ವಂತೆ, ಕೈಯಾಗೇ ಎತ್ತಿ ಇಡ್ಕೊಂಡು ನಿಂತಿದ್ಲಂತೆ.”

ಹಾಸಿಗೆ ಹಾಸಿಗೆಯಿಂದ ತಲೆಗಳು ಇತ್ತ ತಿರುಗಿದವು. ಶ್ಯಾಮಲಾಗೆ ನಾಚಿಕೆಯಾಯಿತು. ನಾನೊಬ್ಬಳೇ ಅಲ್ಲಮ್ಮ, ಜೊತೆಗೆ ವೇಣಿ ಇದ್ದಳು, ಭಾನುಪ್ರಕಾಶ್ ಸಾರ್ ಇದ್ದರು, ರೆಪ್ಪೆ ನೋಡಿ ಅನುಮಾನಪಟ್ಟ ಡಾಕ್ಟರು ಇದ್ದರು ಎಂದು ಹೇಳಲು ಹೊರಟಳು. ಅವರೆಲ್ಲರ ಹೆಸರನ್ನೂ ಹೇಳಬೇಕು, ಹೇಳಿಯೇ ಹೇಳುತ್ತಾಳೆ. ಆದರೆ ತಾಯಿಯ ಮುಖ ನೋಡಿದಾಗ ಮಾತು ತಡೆಯಿತು. ಸುಲಿದ ಮೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, ನೆರಿಗೆಯ ಮುಖ ಎತ್ತಿ, ಅಂಜನಮ್ಮ ಇಡೀ ವಾರ್ಡನ್ನು ನೋಡುತ್ತಿದ್ದಳು.

ಶ್ಯಾಮಲಾ ವಸಂತಮ್ಮನ ಕೈ ಬಿಡದೆ, ಬೆನ್ನು ನೆಟ್ಟಗೆ ಮಾಡಿ ಕೂತಳು.

“ಹೌದಮ್ಮ,” ಎಂದಳು ಎದುರಿನ ಮುದುಕಿಗೆ. “ನಾನೇ ಮಾಡಿದ್ದು.”